ಏಕಾದಶಿಯ ಇನ್ಸುಲಿನ್

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ತಿರುವನಂತಪುರದ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಕನ್ನಡ ಬರುತ್ತಿದ್ದ ನರ್ಸ್ ನಾನೊಬ್ಬಳೇ, ಕಾಸರಗೋಡಿನವಳು. ಅದೇ ಊರಿನ ಉಳ್ಳೂರು ಬಡಾವಣೆಯಲ್ಲಿ ಮನೆ ಮಾಡಿದ್ದ ಕೇಂದ್ರ ಸರ್ಕಾರಿ ಗುಮಾಸ್ತರೊಬ್ಬರ ತಾಯಿ, ಮೈಸೂರಿನ ಅಜ್ಜಿ, ಸಕ್ಕರೆ ಕಾಯಿಲೆಗೆಂದು ಬಂದು ಸೇರಿದಾಗ ನನಗೆ ತವರಿನವರೇ ಬಂದಷ್ಟು ಹಿಗ್ಗು.

ಬೆಳಿಗ್ಗೆ ಇನ್ಸುಲಿನ್ ಚುಚ್ಚುವುದು ಕಿರಿಯ ನರ್ಸ್ ಒಬ್ಬಳ ಕೆಲಸ. ಆಮೇಲೆ ಹೊಟ್ಟೆ ಖಾಲಿಯಿದ್ದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ರೋಗಿ ತಿಂಡಿ ತಿಂದದ್ದನ್ನು ಕಣ್ಣಾರೆ ಕಂಡು ಚಾರ್ಟಿನಲ್ಲಿ ಬರೆಯುವುದು ನನ್ನ ಪಾಲಿನದು. ಆ ದಿನ ಇಂಜೆಕ್ಷನ್ ಆದಮೇಲೆ ಅಜ್ಜಿ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

“ಇವತ್ತು ಏಕಾದಶಿ ಕಣಮ್ಮ. ಒಂದು ತೊಟ್ಟು ನೀರೂ ಮುಟ್ಟಲ್ಲ. ಅವರಿಗೆಲ್ಲ ಹೇಳ್ಬೇಡ, ಬಯ್ತಾರೆ.”

“ಹಾಗೆಲ್ಲ ಮಾಡ್ಲಿಕ್ಕಾಗುದಿಲ್ಲ ಅಜ್ಜಿ, ಇಂಜೆಕ್ಷನ್ ಕೊಟ್ಟಾಯ್ತಲ್ಲ.”

“ನಮ್ಮೋಳು ಅಂತ ನಿನಗೆ ಹೇಳಿದೆ.”

ಆ ಒಂದು ಮಾತಿಗೆ ಕರಗಿಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಪುಸಲಾಯಿಸಿ ಹಾಲನ್ನಾದರೂ ಕುಡಿಸಿದರಾಯಿತು ಅಂದುಕೊಂಡು ತಟ್ಟೆ ಎತ್ತಿಕೊಂಡು ಹೋದೆ. ಚಾರ್ಟಿನಲ್ಲಿ ‘ತಿಂದಿದ್ದಾರೆ’ ಎಂದು ಬರೆದೆ. ಆಮೇಲೆ ಬೇರೆ ರೋಗಿಗಳ ಡ್ರೆಸ್ಸಿಂಗ್ ಮಾಡುತ್ತ ಅಜ್ಜಿಯನ್ನು ಮರೆತೇಬಿಟ್ಟೆ.

ಹತ್ತು ಗಂಟೆಗೆ ನೋಡಿದರೆ ಅಜ್ಜಿ ಬೆವರಿನಲ್ಲಿ ತೊಯ್ದು, ಕರೆದರೂ ಓಗೊಡದೆ ಬಿದ್ದಿದ್ದರು. “ಗ್ಲೂಕೋಸ್!” ಎಂದು ಮೊದಲು ಕೂಗಿದವಳು ನಾನೇ. ಕೂಗದೆ ಏನು, ಕಾರಣ ಗೊತ್ತಿದ್ದವಳು ನಾನೊಬ್ಬಳೇ ತಾನೆ? ಡಾಕ್ಟರು ಓಡಿಬಂದು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು. ಅಜ್ಜಿ ನಿಧಾನವಾಗಿ ಕಣ್ಣು ಬಿಟ್ಟರು. ಬೆಳಿಗ್ಗೆ ತಿಂಡಿ ತಿಂದಿದ್ದರಾ ಎಂದು ಅವರ ಭಾಷೆಯಲ್ಲೇ ಕೇಳಲು ಡಾಕ್ಟರು ನನಗೆ ಹೇಳಿದರು.

“ಅಜ್ಜಿ, ಈಗ ಹೇಗಿದೆ?” ಎಂದು ಕೇಳಿದೆ.

“ಪರವಾಗಿಲ್ಲಮ್ಮ.”

“ತಿಂದಿದ್ದಾರಂತೆ,” ಎಂದು ಡಾಕ್ಟರಿಗೆ ಹೇಳಿದೆ.

ತಿಂದಿದ್ದರೆ ತಪ್ಪು ಮದ್ದಿನ ಅಳತೆಯಲ್ಲೇ ಇರಬೇಕಲ್ಲ. ಮೇಟ್ರನ್ ಆ ಕಿರಿಯಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ನನ್ನ ಚುರುಕುತನವನ್ನು ಹೊಗಳಿದರು. ಸರಿಯಾಗಿಯೇ ಅಳೆದಿದ್ದೆ ಎಂದು ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ನನ್ನ ನಾಲಿಗೆಯೇನು ಬಿದ್ದುಹೋಗಿತ್ತೇ? ಹೆದರಿಕೆ, ಅಷ್ಟೆ. ಶುದ್ಧ ಪುಕ್ಕಲಿ ನಾನು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರುದಿನದಿಂದ ಹೊಸ ಕಟ್ಟಳೆ ಬಂತು: ಇನ್ಸುಲಿನ್ ತುಂಬಿದ ಸಿರಿಂಜನ್ನು ಇಬ್ಬರು ನೋಡಬೇಕು. ಒಳ್ಳೆಯ ಕಟ್ಟಳೆಯೇ. ಮುಂದೆ ಕೊಚ್ಚಿಗೆ ಹೋದಮೇಲೆ ನಾನೂ ಅದನ್ನು ಕಿರಿಯರಿಗೆಲ್ಲ ಕಲಿಸಿದೆ. ಯಾಕೆ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ.

ನಾನು ಆ ವಾರ್ಡಿನಲ್ಲಿ ಇದ್ದಷ್ಟು ದಿನವೂ ಆ ಹುಡುಗಿ ಇನ್ಸುಲಿನ್ನಿಗಷ್ಟೇ ಅಲ್ಲ, ಒಂದು ಚಮಚ ಕೆಮ್ಮಿನ ಔಷಧಿಗೂ ನನ್ನ ಬಳಿಗೇ ಬರುತ್ತಿದ್ದಳು. “ಚೇಚೀ, ಒಂದು ಸಲ ನೋಡಿ. ನನ್ನ ಕಣ್ಣನ್ನು ನಾನೇ ನಂಬಲಾರೆ,” ಎಂದು ಅಕ್ಕನನ್ನು ಕೇಳುವ ಹಾಗೆ ಮಲಯಾಳದಲ್ಲಿ ಹೇಳುತ್ತಿದ್ದಳು. ನಾನು ನೋಡುತ್ತಿದ್ದೆ. ಅವಳ ಅಳತೆ ಒಂದು ದಿನವೂ ತಪ್ಪಿರಲಿಲ್ಲ.