ಬಂದರೆ ನನಗೆ ಕಳಿಸು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಮ್ಮಪ್ಪ ಗೋಡೆಗೆ ಬುದ್ಧನ ಪಟ ಹಾಕಿ, ಯಾರು ಹೇಳಿದರೂ ಪರೀಕ್ಷೆ ಮಾಡದೆ ಒಪ್ಪಬೇಡ ಎಂದು ಬೆಳೆಸಿದವರು. ಮಧುಗಿರಿಯಲ್ಲಿ ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಇದನ್ನು ಓದಿ ಯಾರಾದರೂ ‘ಮೇಡಂಗೆ ವಯಸ್ಸಾಯ್ತು’ ಎಂದು ನಕ್ಕರೆ ನಗಲಿ. ನಡೆದದ್ದನ್ನು ನಡೆಯಲಿಲ್ಲ ಎನ್ನಲು ನನ್ನಿಂದಾಗದು.

ನನ್ನ ಗಂಡನ ಮನೆ ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆ. ಆ ಮನೆಯವರಿಗೆ ಒಂದು ಭಯವಿದೆ. ಕಾರಣವೇ ಇಲ್ಲದೆ ಎದೆ ಡವಗುಟ್ಟುತ್ತದೆ, ಉಸಿರು ಸಿಕ್ಕುವುದಿಲ್ಲ, ಈಗಲೇ ಸತ್ತೆ ಎನಿಸುತ್ತದೆ. ಕಾಲು ಗಂಟೆಯಾದ ಮೇಲೆ ಬಂದ ಹಾಗೆಯೇ ಹೋಗುತ್ತದೆ. ಮಾವನವರಿಗಿತ್ತು, ನಮ್ಮ ಯಜಮಾನರಿಗೆ ಸ್ವಲ್ಪ ಇದೆ, ನಾದಿನಿ ಜಯಮ್ಮನಿಗೆ ವಿಪರೀತ. ಅದು ಬಂದಾಗ ಅವರು ಬಾಯಿಬಿಟ್ಟು ಹೇಳುವುದಿಲ್ಲ. ನೀರಿನ ಚೊಂಬನ್ನು ಕವುಚಿಹಾಕಿ ಹೊಸ್ತಿಲ ಬಳಿ ಕೂರುತ್ತಾರೆ. ಅದನ್ನು ಕಂಡವರು ಏನೂ ಕೇಳದೆ ಪಕ್ಕದಲ್ಲಿ ಹೋಗಿ ಕೂರಬೇಕು. ಮದುವೆಯಾಗಿ ಬಂದ ಹೊಸತರಲ್ಲೇ ನಾನು ಇದಕ್ಕೆ ‘ಚೊಂಬಿನ ನಾಟಕ’ ಎಂದು ಹೆಸರಿಟ್ಟಿದ್ದೆ. ಒಮ್ಮೆ ನೆಂಟರ ಮುಂದೆಯೇ ಜಯಮ್ಮ ಕವುಚಿದ ಚೊಂಬನ್ನು ನೆಟ್ಟಗೆ ಎತ್ತಿಟ್ಟು, ‘ಏಳೇ, ಕೆಲಸ ಇದ್ದಾಗಲೇ ಬರುತ್ತೆ ನಿನಗೆ’ ಎಂದಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಒಂದೇ ಕುಟುಂಬದ ಹಲವರಲ್ಲಿ ಕಾಣುವ ಇಂಥ ಭಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಕೊಳಾಲದ ಮನೆಗೆ ಬಂದಳು. ಇದು ದೆವ್ವವೂ ಅಲ್ಲ, ನಾಟಕವೂ ಅಲ್ಲ, ಪ್ಯಾನಿಕ್ ಎನ್ನುವ ಕಾಯಿಲೆ, ಔಷಧಿ ಇದೆ ಎಂದಳು. ದೊಡ್ಡ ಹಾಳೆಯ ಮೇಲೆ ನಮ್ಮ ವಂಶವೃಕ್ಷ ಬರೆದಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಭಯವಿದ್ದವರದಕ್ಕೆಲ್ಲ ಕಪ್ಪು. ನನ್ನ ವೃತ್ತವನ್ನು ಬಿಳಿಯಾಗಿಯೇ ಬಿಟ್ಟಳು. ‘ನೀವು ಸೊಸೆ ಅಲ್ವಾ ಮೇಡಂ, ರಕ್ತಸಂಬಂಧ ಇಲ್ಲ. ಹೋಲಿಸಿ ನೋಡೋಕೆ ನೀವು ಬೇಕಾಗ್ತೀರಿ’ ಎಂದಳು. ನಾಟಕವಲ್ಲ ಎಂದು ಅವಳು ಹೇಳಿದಾಗಲೇ ನಾನು ಸೋತಿದ್ದೆ. ಆದರೂ ಆ ಬಿಳಿ ವೃತ್ತ ಕಂಡು ಒಳಗೊಳಗೇ ಬೀಗಿದೆ. ಹಾಳೆಯ ಒಂದು ಪ್ರತಿಯನ್ನು ಕೇಳಿ ಪಡೆದುಕೊಂಡೆ.

ಅದೇ ವರ್ಷ ಅವರೆಕಾಯಿ ಕಾಲದಲ್ಲಿ ಜಯಮ್ಮನ ಮಗಳನ್ನು ಹೆರಿಗೆಗೆ ಸಿರಾದ ಆಸ್ಪತ್ರೆಗೆ ಸೇರಿಸಿದರು. ಮಾರನೆಯ ಬೆಳಿಗ್ಗೆ ಆಪರೇಷನ್. ಜಯಮ್ಮನ ಗಂಡ ಮಗಳ ಜೊತೆ ಅಲ್ಲಿದ್ದ. ಅಮ್ಮ ಬರದೆ ನಾನು ಒಳಗೆ ಹೋಗುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಳು. ಜಯಮ್ಮನೋ ಪಾವಗಡದ ಆಚೆ, ಗಂಡನ ಊರು ರಾಯಚರ್ಲಿನಲ್ಲಿ ಒಬ್ಬಳೇ. ಬಸ್ಸು ಹತ್ತಿ ಆರು ವರ್ಷವಾಗಿತ್ತು. ಆ ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಅತ್ತಳು.

‘ಹೆಂಗ್ ಬರ್ಲಿ ಅತ್ತಿಗೆ? ದಾರೀಲಿ ಅದು ಬಂದ್ಬುಟ್ರೆ ಏನ್ ಮಾಡ್ಲಿ?’

ನಮ್ಮವರು ಹೋಗಿ ಕರೆದುಕೊಂಡು ಬರುತ್ತೇನೆಂದು ಬೈಕಿನ ಕೀ ತೆಗೆದುಕೊಂಡರು. ನಾನು ಕೀ ಕಿತ್ತಿಟ್ಟುಕೊಂಡೆ. ಜನ್ಮವಿಡೀ ಇವಳನ್ನು ಹೊತ್ತು ತಿರುಗಲಾಗುತ್ತದೆಯೇ ಎಂಬ ಸಿಟ್ಟು. ‘ಬಂದ್ರೆ ನನಗೆ ಕಳಿಸು, ನಾನು ನೋಡ್ಕೋತೀನಿ. ನೀನು ಸುಮ್ನೆ ಮಧುಗಿರಿ ಬಸ್ ಹತ್ತು’ ಎಂದು ಗದರಿ ಫೋನ್ ಇಟ್ಟೆ. ಧೈರ್ಯ ಹೇಳುವ ಮಾತಾಗಿರಲಿಲ್ಲ ಅದು, ಸೊಕ್ಕಿನ ಮಾತು.

ಮುನಿಸಿಕೊಂಡ ಯಜಮಾನರು ಹೊರಗೆ ಹೋದರು. ನಾನು ನಡುಮನೆಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಕಾಯಿ ಜಾರಿತು. ಎದೆ ಒಳಗಿನಿಂದ ಗುದ್ದತೊಡಗಿತು. ಗಾಳಿ ಎಳೆದುಕೊಂಡಷ್ಟೂ ಸಾಲದು. ಮೂಗಿಗೆ ಡೀಸೆಲ್ ವಾಸನೆ ಅಡರಿತು. ನಮ್ಮ ಮನೆ ರಸ್ತೆಯಿಂದ ಬಹಳ ಒಳಗಿದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ನನ್ನ ಎಡಗಾಲಿನ ಮೇಲೆ ಏನೋ ಬೆಚ್ಚಗೆ, ಭಾರವಾಗಿ ಮಲಗಿತ್ತು. ನೋಡಿದರೆ ಏನೂ ಇಲ್ಲ, ಭಾರ ಮಾತ್ರ ಇದೆ. ಸಾಯುತ್ತೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಯಜಮಾನರಿಗೆ ಫೋನ್ ಮಾಡಲು ನೋಡಿದೆ, ಬೆರಳು ಕೇಳಲಿಲ್ಲ. ಅದರಲ್ಲಿ ಹನ್ನೊಂದು ಗಂಟೆ ಹನ್ನೆರಡು ನಿಮಿಷ ಎಂದು ತೋರಿಸುತ್ತಿದ್ದುದು ಮಾತ್ರ ನೆನಪಿದೆ. ಆಮೇಲೆ ತೆವಳಿಕೊಂಡು ಹೊಸ್ತಿಲ ಬಳಿ ಹೋದೆ. ಅಲ್ಲಿದ್ದ ಚೊಂಬನ್ನು ಕವುಚಿದೆ. ನೀರೆಲ್ಲ ಸೀರೆಯ ಮೇಲೆ ಹರಿಯಿತು. ಪಕ್ಕದಲ್ಲಿ ಬಂದು ಕೂರಲು ಯಾರೂ ಇರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಜಯಮ್ಮ ಮಧುಗಿರಿ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದಳು. ಅವಳನ್ನು ಸಿರಾಕ್ಕೆ ಕರೆದೊಯ್ಯಲು ನಾನೇ ಹೋದೆ. ನನಗಾದದ್ದನ್ನು ಯಾರಿಗೂ ಹೇಳಿರಲಿಲ್ಲ. ಅವಳು ದೂರದಿಂದಲೇ ಕೈಬೀಸಿದಳು.

‘ಬಂದ್ಬುಟ್ಟೆ ಕಣತ್ತಿಗೆ! ಪಾವಗಡದಾಗೆ ಬಸ್ ಬದಲಾಯ್ಸಿ ಟಿಕೆಟ್ ತಗಂಡೆ ನೋಡು, ಶುರುವಾಯ್ತು. ಇಳಿದುಬುಡಾನ ಅಂತ ಏಳಾಕ್ ಹೋದೆ, ಅಷ್ಟ್ರಾಗೆ ಯಾರೋ ಕಿತ್ಕಂಡ್ ಹೋದಂಗೆ ಹೊಂಟೋಯ್ತು. ಏಳಾನ ಅಂದ್ರೂ ಕಾಲ್ ಬಿಡಿಸ್ಕಳಂಗಿಲ್ಲ. ಒಬ್ಬ ತಾತ ಕಂಡಕ್ಟರ್ ಜೊತೆ ತೆಲುಗಲ್ಲಿ ಜಗಳ ಆಡ್ಕಂಡು ಮೇಕೆಮರಿ ಹತ್ತಿಸಿದ್ದ. ಅದು ಇಲ್ಲೀಗಂಟ ನನ್ ಎಡಗಾಲ್ ಮ್ಯಾಲೇ ಮಲಗಿತ್ತು!’

ನಾನು ಟಿಕೆಟ್ ಇಸಿದುಕೊಂಡು ನೋಡಿದೆ. ಹನ್ನೊಂದು ಗಂಟೆ ಹತ್ತು ನಿಮಿಷ ಎಂದು ಅಚ್ಚಾಗಿತ್ತು. ಬಸ್‌ಸ್ಟ್ಯಾಂಡಿನ ನಡುವೆಯೇ ನನಗೆ ಅಳು ಬಂತು. ಅವಳು ಮೊಮ್ಮಗುವಿನ ಸಂಭ್ರಮಕ್ಕೆಂದುಕೊಂಡಳು.

ಮುಂದೆ ಸಂಶೋಧನೆಯ ಹುಡುಗಿ ಫೋನ್ ಮಾಡಿದಾಗ ಎಲ್ಲವನ್ನೂ ಹೇಳಿ, ನನ್ನ ವೃತ್ತಕ್ಕೂ ಕಪ್ಪು ತುಂಬಿ ಎಂದೆ. ಅವಳು ನಗಲಿಲ್ಲ. ಒಂದೇ ಸಲ ಬಂದದ್ದನ್ನು ಕಾಯಿಲೆ ಎಂದು ಬರೆಯಲಾಗದು, ಗದರಿದ ಮೇಲೆ ನಿಮ್ಮ ಮನಸ್ಸು ಆತಂಕದಲ್ಲಿದ್ದಿರಬೇಕು, ಸಮಯ ಕಾಕತಾಳೀಯ ಎಂದಳು. ನನ್ನ ವಿದ್ಯಾರ್ಥಿಗಳು ಬಂದು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸರಿಯಮ್ಮ, ಒಪ್ಪಿದೆ. ನನ್ನ ಕಾಲ ಮೇಲೆ ಮಲಗಿದ್ದ ಮೇಕೆಮರಿ ಯಾರ ಆತಂಕ? ನನ್ನ ಪ್ರತಿಯಲ್ಲಿ ಪೆನ್ಸಿಲ್ ಹಿಡಿದು ನನ್ನ ಬಿಳಿ ವೃತ್ತದಿಂದ ಜಯಮ್ಮನ ಕಪ್ಪು ವೃತ್ತಕ್ಕೆ ನಾನೇ ಒಂದು ಗೆರೆ ಎಳೆದಿದ್ದೇನೆ. ಯಾವ ಶಾಸ್ತ್ರದಲ್ಲೂ ಇಲ್ಲದ ಗೆರೆ. ಅಳಿಸುವುದಿಲ್ಲ.

ಜಯಮ್ಮ ಈಗ ಮಾತ್ರೆ ತೆಗೆದುಕೊಳ್ಳುತ್ತಾಳೆ, ಮೊಮ್ಮಗಳನ್ನು ನೋಡಲು ಒಬ್ಬಳೇ ಸಿರಾಕ್ಕೆ ಹೋಗಿಬರುತ್ತಾಳೆ. ನನಗೆ ಅದು ಮತ್ತೆ ಬಂದಿಲ್ಲ. ಆದರೂ ಬಸ್ಸು ಹತ್ತುವ ಮುಂಚೆ ಅವಳು ನನಗೊಂದು ಫೋನ್ ಮಾಡುತ್ತಾಳೆ. ನಾನು ಚೊಂಬಿಗೆ ನೀರು ತುಂಬಿ ಹೊಸ್ತಿಲ ಬಳಿ ಇಟ್ಟುಕೊಂಡು, ಅಂದು ಏನೂ ತಿಳಿಯದೆ ಆಡಿದ ಮಾತನ್ನೇ ಈಗ ತಿಳಿದು ಆಡುತ್ತೇನೆ.

‘ಬಂದ್ರೆ ನನಗೆ ಕಳಿಸು ಕಣೇ. ನೀನು ಹತ್ತು.’