ಎಡ ಹೆಗಲಿನ ತಪ್ಪು

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ತಪ್ಪು ಎಂದರೆ ನನಗೆ ಮೈಯುರಿ. ತಿಳಿಯದೆ ಮಾಡಿದ್ದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ, ತಿಳಿದೂ ಮಾಡಿದ್ದನ್ನು ಸಹಿಸುತ್ತಿರಲಿಲ್ಲ. ಅಂಥ ನಾನು ಅರವತ್ತೊಂದನೆಯ ವಯಸ್ಸಿನಲ್ಲಿ, ಐದು ತಿಂಗಳ ಕಾಲ ದಿನಾ ಬೆಳಿಗ್ಗೆ, ಬೇಕೆಂದೇ ಒಂದು ತಪ್ಪು ಮಾಡಿದೆ.

ಯೋಗಕ್ಕೆ ನಾನಾಗಿ ಹೋದವಳಲ್ಲ. ಸತ್ತೂರಿನ ಆಸ್ಪತ್ರೆಯ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ಕೀಳದೆ ನನ್ನ ಸಕ್ಕರೆಯ ರಿಪೋರ್ಟು ಓದಿ, ಬೆನ್ನುನೋವಿನ ಕಥೆ ಕೇಳಿ, ಗುಳಿಗೆಯ ಜೊತೆ ಯೋಗವನ್ನೂ ಬರೆದುಕೊಟ್ಟರು. ಹುಬ್ಬಳ್ಳಿಯ ನವನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯ ಸಮುದಾಯ ಭವನದಲ್ಲಿ, ಮೇಲಂತಸ್ತಿನ ಹಾಲ್‌ನಲ್ಲಿ, ಆರೂವರೆಗೆ ಹೆಂಗಸರ ಕ್ಲಾಸು. ಕಲಿಸುವವಳು ಧಾರವಾಡದಿಂದ ಸ್ಕೂಟರಿನಲ್ಲಿ ಬರುವ, ಮೂವತ್ತು ದಾಟದ ಹುಡುಗಿ. ಇವಳ ಮಾತು ನಾನು ಕೇಳಬೇಕೇ ಎಂಬ ಬಿಗುಮಾನ ನನಗೆ ಇದ್ದೇ ಇತ್ತು. ಯೋಗದಿಂದ ದೇಹಕ್ಕೆ, ಮನಸ್ಸಿಗೆ, ಆತ್ಮಕ್ಕೆ ಲಾಭ ಎಂದು ಗೋಡೆಗೆ ಬ್ಯಾನರ್ ಕಟ್ಟಿದ್ದರು. ಮೊದಲಿನ ಎರಡನ್ನು ಪರೀಕ್ಷೆ ಮಾಡಿ ನೋಡಬಹುದು, ಮೂರನೆಯದು ನಮ್ಮ ಸಿಲೆಬಸ್ಸಿನಲ್ಲಿಲ್ಲ ಎಂದುಕೊಂಡು ಚಾಪೆ ಹಾಸಿದೆ.

ನನಗೆ ಮದುವೆಯಾಗಿಲ್ಲ. ತನ್ನ ಗಂಡ ತೀರಿಕೊಂಡ ಮೇಲೆ ಅಕ್ಕ ನನ್ನ ಮನೆಗೆ ಬಂದಳು, ಇಪ್ಪತ್ತೆರಡು ವರ್ಷ ಇಬ್ಬರೂ ಜಗಳಾಡಿಕೊಂಡು ಸುಖವಾಗಿದ್ದೆವು. ಪ್ರತಿ ರವಿವಾರ ನನ್ನನ್ನು ಹಿತ್ತಲ ಬಾಗಿಲಲ್ಲಿ ಕೂಡಿಸಿ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಕೂದಲು ಜಗ್ಗುತ್ತದೆಂದು ನಾನು ಬೈಯುತ್ತಿದ್ದೆ. ಅಕ್ಕ ಹೋಗಿ ಎರಡು ವರ್ಷವಾಗಿತ್ತು.

ಆಮೇಲೂ ಮಾತಿಗೆ ಬರವಿರಲಿಲ್ಲ. ಹಾಲಿನವನಿದ್ದ, ನೆರೆಯವರಿದ್ದರು, ಫೋನಿತ್ತು. ಆದರೆ ನನ್ನನ್ನು ಮುಟ್ಟುವವರು ಯಾರೂ ಇರಲಿಲ್ಲ. ಒಂಟಿ ಹೆಂಗಸಿಗೆ, ಅದರಲ್ಲೂ ಸಿಡುಕಿನ ಟೀಚರಿಗೆ, ಜನ ದೂರದಿಂದಲೇ ಕೈಮುಗಿಯುತ್ತಾರೆ. ಒಂದು ದಿನ ಕೈಯಲ್ಲಿನ ಬಳೆ ಗಟ್ಟಿಯಾಗಿದ್ದರೂ ಬಸ್ಸು ಹತ್ತಿ ಹಳೇ ಹುಬ್ಬಳ್ಳಿಯ ಬಳೆಯಂಗಡಿಗೆ ಹೋದೆ. ಅಂಗಡಿಯ ಮುದುಕ ನನ್ನ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು, ಒತ್ತಿ, ಮೆತ್ತಗೆ ಮಾಡಿ ಬಳೆ ಏರಿಸಿದ. ನಾನು ನನ್ನ ಅಳತೆಗಿಂತ ಒಂದು ಅಳತೆ ಚಿಕ್ಕದನ್ನು ಕೇಳಿದ್ದೆ. ಯಾಕೆ ಹಾಗೆ ಕೇಳಿದೆನೆಂದು ಆಗ ನನಗೇ ಗೊತ್ತಿರಲಿಲ್ಲ.

ಕ್ಲಾಸಿನ ಎರಡನೆಯ ವಾರ ತ್ರಿಕೋನಾಸನ ಬಂತು. ಕಾಲು ಅಗಲಿಸಿ ಬಲಕ್ಕೆ ವಾಲಿ, ಎಡಗೈ ಆಕಾಶಕ್ಕೆ ಎತ್ತಬೇಕು. ಜೀವಮಾನವಿಡೀ ನೋಟುಬುಕ್ಕಿನ ಚೀಲ ಹೊತ್ತ ನನ್ನ ಎಡ ಹೆಗಲು ಮುಂದಕ್ಕೆ ಜಾರಿಕೊಂಡಿತು. ತ್ರಿಕೋನ ಕಲಿಸಿ ಕಲಿಸಿ ಹಣ್ಣಾದವಳಿಗೆ ಸ್ವಂತ ಮೈಯಲ್ಲಿ ಒಂದು ತ್ರಿಕೋನ ಹೂಡಲು ಬರಲಿಲ್ಲ. ಆ ಹುಡುಗಿ ಬಂದು ನನ್ನ ಹೆಗಲ ಮೇಲೆ ಅಂಗೈ ಇಟ್ಟಳು, ಇನ್ನೊಂದು ಕೈ ಬೆನ್ನಿಗೆ ಕೊಟ್ಟಳು, ನಿಧಾನ ಹಿಂದಕ್ಕೆ ತಂದಳು. ಉಸಿರು ಬಿಡಿರಿ, ನಾನು ಹಿಡಿದಿದ್ದೇನೆ ಎಂದಳು. ಬೆಚ್ಚಗಿನ ಕೈ. ಮನೆಗೆ ಬಂದು ಸ್ನಾನಕ್ಕೆ ಹೋಗಲು ಬಹಳ ಹೊತ್ತು ಮನಸ್ಸಾಗಲಿಲ್ಲ.

ಯೋಗ ತನ್ನ ಕೆಲಸ ತಾನು ಮಾಡಿತು, ಸುಳ್ಳು ಹೇಳಬಾರದು. ಸಕ್ಕರೆ ಇಳಿಯಿತು, ಬೆನ್ನುನೋವು ಹೋಯಿತು, ಹಾಸಿಗೆಗೆ ತಲೆ ಕೊಟ್ಟರೆ ನಿದ್ದೆ ಬರತೊಡಗಿತು. ಹಟದವಳಾದ್ದರಿಂದ ಮನೆಯಲ್ಲೂ ಕನ್ನಡಿಯ ಮುಂದೆ ತಾಲೀಮು ಮಾಡಿದೆ. ಒಂದೂವರೆ ತಿಂಗಳಲ್ಲಿ ಹೆಗಲು ಸರಿಯಾಯಿತು. ಅವತ್ತು ಅವಳು ದೂರದಿಂದಲೇ ನೋಡಿ ಛಲೋ ಆಯಿತೆಂದು ಹೊಗಳಿ, ಪಕ್ಕದ ಚಾಪೆಯವಳನ್ನು ತಿದ್ದಲು ಹೋದಳು. ಹೊಗಳಿಸಿಕೊಂಡು ಅಷ್ಟು ದುಃಖವಾದದ್ದು ನನಗೆ ಅದೇ ಮೊದಲು.

ಮರುದಿನ ಹೆಗಲನ್ನು ಬೇಕೆಂದೇ ಜಾರಿಸಿದೆ. ಅವಳು ಬಂದಳು.

ಅಂದಿನಿಂದ ಅದೇ ಚಾಳಿಯಾಯಿತು. ತೀರಾ ಜಾರಿಸಿದರೆ ಇವರಿಗೆ ಈ ಆಸನವೇ ಬೇಡ, ಕುರ್ಚಿಯ ಮೇಲೆ ಕೂಡಿಸೋಣ ಎಂದಾಳು. ಕಡಿಮೆಯಾದರೆ ಕಣ್ಣಿಗೇ ಬೀಳದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟು ಅಳತೆಯ ತಪ್ಪು. ಇಷ್ಟು ವಯಸ್ಸಾಗಿ ಇದೇನು ಕಳ್ಳಾಟವೆಂದು ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಆ ಅರ್ಧ ನಿಮಿಷದ ಆಸೆಯೇ ದೊಡ್ಡದಿತ್ತು.

ಶ್ರಾವಣದ ಒಂದು ಮುಂಜಾನೆ ಬೇಗ ಹೋದೆ. ಹಾಲ್ ಖಾಲಿಯಿತ್ತು. ಯಾರೂ ಇಲ್ಲವೆಂದು ನನ್ನ ಖುಷಿಗೆ ತ್ರಿಕೋನಾಸನ ಹಾಕಿದೆ, ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರವಾಗಿ. ಎದ್ದು ತಿರುಗಿದರೆ ಬಾಗಿಲಲ್ಲಿ ಅವಳು, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು. ಒಳಗೆ ಬಂದು ತನ್ನ ಚಾಪೆ ಹಾಸಿದಳು.

ಉಳಿದವರು ಬರುವವರೆಗೆ ನಾನು ಗೋಡೆ ನೋಡುತ್ತ ಕೂತೆ. ಆಗಲೇ ನೆನಪಾದದ್ದು ಎಂಟನೆಯ ಈಯತ್ತೆಯ ಒಬ್ಬ ಹುಡುಗಿ. ತಾಯಿಯಿಲ್ಲದೆ ಸೋದರಮಾವನ ಮನೆಯಲ್ಲಿದ್ದವಳು. ದಿನಾ ನೋಟುಬುಕ್ಕು ಹಿಡಿದು ನನ್ನ ಮೇಜಿನ ಹತ್ತಿರ ಬರುತ್ತಿದ್ದಳು, ದಿನಾ ಅದೇ ಜಾಗದಲ್ಲಿ ಅದೇ ಮೈನಸ್ ಚಿಹ್ನೆ ತಪ್ಪಿರುತ್ತಿತ್ತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು, ಬಗ್ಗಿ ತಿದ್ದಿಕೊಡುತ್ತಿದ್ದೆ. ಒಂದು ದಿನ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಅದೇ ಲೆಕ್ಕಗಳು ಸಿಕ್ಕವು, ಒಂದೂ ತಪ್ಪಿರಲಿಲ್ಲ. ಇಡೀ ಕ್ಲಾಸಿನ ಎದುರು ನಿಲ್ಲಿಸಿ, ನನ್ನ ಹೊತ್ತು ಹಾಳು ಮಾಡಬೇಡ, ಇನ್ನು ಮೇಜಿನ ಹತ್ತಿರ ಕಾಲಿಡಬೇಡ ಎಂದೆ. ಮರುದಿನದಿಂದ ಆ ಹುಡುಗಿ ಒಂದು ಲೆಕ್ಕವನ್ನೂ ತಪ್ಪು ಮಾಡಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಹೇಗೆ ತಿದ್ದಿದೆ ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಾನು ನಕ್ಕಿದ್ದೆ.

ಕ್ಲಾಸು ಶುರುವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ತ್ರಿಕೋನಾಸನದ ಸರದಿ ಬಂದಾಗ ಜಾರಿಸಲು ಮುಖವಿರಲಿಲ್ಲ. ನೆಟ್ಟಗೆ ಮಾಡಿದೆ. ಮುಗಿಯಿತು, ಇನ್ನು ಇವಳು ಬರುವುದಿಲ್ಲ ಎಂದು ಎತ್ತಿದ ಕೈಯನ್ನು ನೋಡುತ್ತ ನಿಂತೆ.

ಕೈ ಬಂತು. ಅದೇ ಎಡ ಹೆಗಲ ಮೇಲೆ. ಒತ್ತಲಿಲ್ಲ, ಜಗ್ಗಲಿಲ್ಲ, ಸುಮ್ಮನೆ ಇತ್ತು.

"ಬರೋಬ್ಬರಿ ಐತ್ರಿ ಅಕ್ಕಾರ," ಎಂದಳು, ನನಗಷ್ಟೇ ಕೇಳುವಂತೆ. "ಇನ್ನ ತಪ್ಪು ಮಾಡಬ್ಯಾಡ್ರಿ. ಬರೋಬ್ಬರಿ ಇದ್ರೂ ನಾ ಬರ್ತೇನಿ."

ಕೊನೆಗೆ ಶವಾಸನದಲ್ಲಿ ಅಂಗಾತ ಮಲಗಿದಾಗ ಕಣ್ಣೀರು ಎರಡೂ ಕಿವಿಯೊಳಗೆ ಇಳಿಯಿತು. ಬ್ಯಾನರಿನ ಮೂರನೆಯ ಮಾತಿನ ಬಗ್ಗೆ ಅಂದಿನಿಂದ ನಾನು ತಕರಾರು ಮಾಡಿಲ್ಲ.

ಈಗಲೂ ಹೋಗುತ್ತೇನೆ, ಹೆಗಲು ಜಾರಿಸುವುದಿಲ್ಲ. ಹೊಸಬರು ಹೆಚ್ಚಾದ ದಿನ ಅವಳಿಗೆ ನನ್ನ ಚಾಪೆಯವರೆಗೆ ಬರಲಾಗುವುದಿಲ್ಲ. ಅಂಥ ದಿನ ಮನೆಗೆ ಬಂದು ಒಂದೇ ಕಪ್ ಚಹಾ ಮಾಡಿಕೊಂಡು, ನಾಳೆ ಬಂದಾಳು ಎಂದುಕೊಳ್ಳುತ್ತೇನೆ. ಮೈನಸ್ ಚಿಹ್ನೆಯ ಆ ಹುಡುಗಿಗೆ ಅಂಥದೊಂದು ನಾಳೆಯನ್ನು ನಾನು ಉಳಿಸಿರಲಿಲ್ಲ.