ನಮ್ಮೂರು, ನಿಮ್ಮೂರು

ದರ್ಜಿಯಕ್ಕನ ಬಾಯಿ ಅಂದರೆ ಬಾಯಿ! ಹಲ್ಲಿನ ಸಂದಿಯಲ್ಲಿ ದಾರ ಕಚ್ಚಿಕೊಂಡೇ ಇಡೀ ಬೀದಿಗೆ ಕೇಳುವ ಹಾಗೆ ಬೈಯಬಲ್ಲಳು. ಅವಳ ಹೊಲಿಗೆ ಅಂಗಡಿ ಹಳೆಯ ಪುರಭವನದ ಎದುರಿಗೇ ಇತ್ತು. ಆ ಭವನದೊಳಗೆ ವಾರ್ಡ್ ಆಫೀಸು. ನಲ್ಲಿಯಲ್ಲಿ ನೀರಿಲ್ಲ, ಜನನ ಪತ್ರ ಸಿಗಲಿಲ್ಲ ಅಂತ ಬಂದವರು ಕಾದು ಕಾದು ಸುಸ್ತಾಗಿ ಅವಳ ಬೆಂಚಿನ ಮೇಲೆ ಕುಸಿಯುತ್ತಿದ್ದರು. ಇವಳು ಮಷೀನು ನಿಲ್ಲಿಸಿ ಎದ್ದುಹೋಗಿ, ಗುಮಾಸ್ತನ ಬೆನ್ನು ಹತ್ತಿ, ಕೆಲಸ ಆಗುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಹಾಗೆ ಕಂಡವರ ಕೆಲಸಕ್ಕೆಲ್ಲ ಓಡಾಡಿಯೇ ಒಂದು ದಿನ ಚುನಾವಣೆ ಗೆದ್ದು ರಾಜಧಾನಿಯ ನಗರಸಭೆಯ ಸದಸ್ಯೆಯಾದಳು. ಆಮೇಲೂ ಜನರ ಅಂಗಿಗೆ ಗುಂಡಿ ಹಚ್ಚುವುದನ್ನೇನೂ ಬಿಡಲಿಲ್ಲ.

ರಾಜಧಾನಿಯ ಸದಸ್ಯೆ ಅನ್ನುವ ಮಾತನ್ನು ಅವಳ ಅತ್ತೆಯ ಎದುರು ಆಡುವ ಹಾಗಿಲ್ಲ. ಆಡಿದವರ ಗತಿ ಅಷ್ಟೇ! ಒಂದು ಕಾಲದಲ್ಲಿ ಈ ಬಡಾವಣೆ ಬೇರೆಯೇ ಊರು. ಪುರಸಭೆ, ಅಧ್ಯಕ್ಷ, ಬೀದಿದೀಪ, ನೀರಿನ ಟ್ಯಾಂಕು, ಎಲ್ಲ ಸ್ವಂತದ್ದು. ಹೊಳೆಯಾಚೆಯ ರಾಜಧಾನಿ ಬೆಳೆದು ಬೆಳೆದು, ಸೇತುವೆ ದಾಟಿ ಬಂದು, ಇದನ್ನೂ ನುಂಗಿ ನೀರು ಕುಡಿಯಿತು. ಪುರಸಭೆಯ ಬೋರ್ಡು ಇಳಿಸುವ ಕೆಲಸ ಬಿದ್ದದ್ದು ಭವನದ ಕಾವಲುಗಾರನ ಪಾಲಿಗೆ, ಅಂದರೆ ಅತ್ತೆಯ ಗಂಡನ ಪಾಲಿಗೆ. ಇಳಿಸಿ ಮನೆಗೆ ಬಂದ ಮನುಷ್ಯ ಅವತ್ತು ತಟ್ಟೆ ಮುಟ್ಟಲಿಲ್ಲ.

ಅಂದಿನಿಂದ ಅತ್ತೆಗೆ ಸೇತುವೆಯ ಈಚೆಯದು ನಮ್ಮೂರು, ಆಚೆಯದು ನಿಮ್ಮೂರು. ಅತ್ತೆಗೇನು, ಇಡೀ ಬಡಾವಣೆಗೇ ಹಾಗೆ. ಬಸ್ಸಿನಲ್ಲಿ ಹೊಳೆ ದಾಟಿದ್ದೇ ತಡ, ಪರದೇಶಕ್ಕೆ ಬಂದಿಳಿದವರಂತೆ "ಅಬ್ಬಾ, ನಿಮ್ಮೂರಲ್ಲಿ ಏನು ಸೆಕೆ ರೀ!" ಅನ್ನುತ್ತಾರೆ. ಎಲ್ಲಿಂದಲೋ ಸೊಸೆಯಾಗಿ ಬಂದ ದರ್ಜಿಯಕ್ಕನ ನಾಲಿಗೆಗೂ ಅದೇ ಅಂಟಿತ್ತು.

ಈಗ ನಗರಸಭೆಯಲ್ಲಿ ಒಂದು ಠರಾವು ಬಂತು. ಈ ವಾರ್ಡ್ ಆಫೀಸು ಮುಚ್ಚಬೇಕಂತೆ, ಕೆಲಸವೆಲ್ಲ ಆಚೆಯ ದೊಡ್ಡ ಕಚೇರಿಯಲ್ಲೇ ಆಗಬೇಕಂತೆ. ಮಂಡಿನೋವಿನ ಮುದುಕರು, ಕಂಕುಳಲ್ಲಿ ಕೂಸಿರುವ ತಾಯಂದಿರು ಇನ್ನು ಒಂದು ಸಹಿಗೂ ಸೇತುವೆ ದಾಟಬೇಕು. ದರ್ಜಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಸಭೆಯಲ್ಲಿ ಎದ್ದು ನಿಂತು ಚೆನ್ನಾಗಿಯೇ ಮಾತಾಡಿದಳು. ಅಧ್ಯಕ್ಷರೂ ತಲೆದೂಗುತ್ತಿದ್ದರು. ಅಷ್ಟರಲ್ಲಿ ಬಾಯಿ ಜಾರಿತು ನೋಡಿ: "ನಮ್ಮ ಜನ ಯಾಕೆ ಸ್ವಾಮಿ ನಿಮ್ಮೂರಿಗೆ ಅಲೀಬೇಕು?"

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಅಧ್ಯಕ್ಷರ ಮುಖ ಮಾತ್ರ ಗಂಟಾಯಿತು.

"ಇದು ನಿಮ್ಮೂರಲ್ವೇನಮ್ಮ? ಹಾಗಾದ್ರೆ ಬೇರೆ ಊರಿಗೆ ನಾವ್ಯಾಕೆ ಆಫೀಸು ಕೊಡ್ಬೇಕು?"

ದರ್ಜಿಯಕ್ಕ ನಾಲಿಗೆ ಕಚ್ಚಿಕೊಂಡಳು.

"ಆ ಮಾತು ವಾಪಸ್ ತಗೊಳ್ಳಿ," ಅಂದರು ಅಧ್ಯಕ್ಷರು. "ಇದು ನಮ್ಮೂರು ಅಂತ ಎಲ್ಲರ ಮುಂದೆ ಹೇಳಿ. ಠರಾವು ಈಗ್ಲೇ ಕೈಬಿಡ್ತೀನಿ."

ಒಂದು ಮಾತು. ಆಡಿಬಿಟ್ಟರೆ ಮುಗಿಯಿತು. ಆದರೆ ಅವಳ ಕಣ್ಣೆದುರಿಗೆ ಅತ್ತೆ ಬಂದು ನಿಂತರು. ಬೆಂಚಿನ ಮೇಲೆ ಕುಸಿದು ಕೂತ ಆ ಜನರೂ ಬಂದರು.

"ಇದು... ನಮ್ಮೂರು."

"ಕೇಳಿಸ್ಲಿಲ್ಲಮ್ಮಾ!" ಅಂತ ಹಿಂದಿನ ಸಾಲಿನಿಂದ ಯಾವನೋ ಕೂಗಿದ. ಅವನ ಬಾಯಿಗಿಷ್ಟು ಮಣ್ಣು ಹಾಕ! ಅವಳು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಎಲ್ಲರೂ ಮೇಜು ಕುಟ್ಟಿದರು. ಠರಾವು ಬಿದ್ದುಹೋಯಿತು.

ಸುದ್ದಿ ಅವಳಿಗಿಂತ ಮುಂಚೆಯೇ ಸೇತುವೆ ದಾಟಿತ್ತು. ಬಸ್ಸಿಳಿದಾಗ ಕೆಲವರು ಕೈಹಿಡಿದು ಕುಲುಕಿದರು, ಕೆಲವರು ಕಂಡೂ ಕಾಣದವರಂತೆ ಪಕ್ಕಕ್ಕೆ ಸರಿದರು. ಅಂಗಡಿಯಲ್ಲಿ ಅತ್ತೆ ಬೀಗ ಹಾಕದೆ ಕಾಯುತ್ತಾ, ಹಳೇ ಅಂಗಿಯೊಂದರ ಹೊಲಿಗೆ ಬಿಚ್ಚುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಆಫೀಸು ಉಳೀತಂತೆ."

"ಉಳೀತು ಅತ್ತೆ."

"ಅದನ್ನ ನಮ್ಮೂರು ಅಂದ್ಯಂತೆ."

ದರ್ಜಿಯಕ್ಕನಿಗೆ ದುಃಖ ಉಕ್ಕಿಬಂತು. ಅಷ್ಟು ದೊಡ್ಡ ಬಾಯಿಯವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. "ಅಂದೆ ಅತ್ತೆ. ಎರಡು ಸಲ ಅನ್ನಿಸಿದ್ರು."

ಅತ್ತೆ ಅಂಗಿ ಪಕ್ಕಕ್ಕಿಟ್ಟು, ಸೊಸೆಯನ್ನು ಹತ್ತಿರ ಕೂರಿಸಿಕೊಂಡರು.

"ಅಳಬೇಡ ಕಣೇ. ನಾನಾಗಿದ್ರೆ ಸತ್ರೂ ಹೇಳ್ತಿರ್ಲಿಲ್ಲ. ಆಫೀಸು ಹೋಗೇಬಿಡ್ತಿತ್ತು."